ದೊಡ್ಡಾಕಿ

ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಬಾರದೆಂದು ಕಾನೂನು ಬದಲಾಗಿ ವರ್ಷವಾಗಿತ್ತು. ನಮ್ಮ ಠಾಣೆಯಲ್ಲಿ ಅದನ್ನು ಪೂರ್ತಿ ಓದಿದವನು ನಾನೊಬ್ಬನೇ. ಹಾಗಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಇಳಕಲ್ಲಿನ ನೇಕಾರ ನೀಲಪ್ಪ ಎಳೆಯ ಮಗಳಿಗೆ ಮದುವೆ ಮಾಡುತ್ತಿದ್ದಾನೆಂದು ದೂರು ಬಂದಾಗ, ಹವಾಲ್ದಾರನಾದ ನಾನು ಮೀಸೆಗೆ ಎಣ್ಣೆ ಹಚ್ಚಿಕೊಂಡು ಹೊರಟೆ.

ಮನೆ ಮುಂದೆ ಹಂದರ ಎದ್ದಿತ್ತು. ಮರುದಿನವೇ ಮದುವೆಯ ಅಕ್ಕಿಕಾಳು. ‘ಪ್ರಾಪ್ತ ವಯಸ್ಕಳೇ?’ ಎಂದರೆ ಈ ಜನಕ್ಕೆ ಎಲ್ಲಿ ತಿಳಿಯಬೇಕು? ನನ್ನ ಜಾಣತನವನ್ನೆಲ್ಲ ಸುರಿದು ಅವರ ಮಾತಿನಲ್ಲೇ ಕೇಳಿದೆ.

“ಏನ್ ನೀಲಪ್ಪ, ಹುಡುಗಿ ದೊಡ್ಡಾಕಿ ಆಗ್ಯಾಳೇನು?”

ನೀಲಪ್ಪ ನಾಚಿ ಹೊರಗೆ ಹೋದ. ಅವನ ಹೆಂಡತಿ ಸಕ್ರವ್ವ ಬಾಯಿಗೆ ಸೆರಗು ಹಿಡಿದು, “ಆಗ್ಯಾಳ್ರಿ ಸಾಹೇಬ್ರ. ಹ್ವಾದ ಶ್ರಾವಣದಾಗ ಕೂಡಿಸಿ ಆರತಿನೂ ಮಾಡೇವ್ರಿ,” ಎಂದಳು.

ಹದಿನೆಂಟು ತುಂಬಿದ್ದಕ್ಕೆ ಆರತಿ! ಕಾನೂನಿನ ಮೇಲೆ ಎಂಥ ಭಕ್ತಿ ಎಂದು ನನ್ನ ಕಣ್ಣು ತುಂಬಿತು. ದೂರು ಸುಳ್ಳೆಂದು ತೀರ್ಮಾನಿಸಿ, ಕೊಟ್ಟ ಬುಂದೆ ಉಂಡಿ ಬಾಯಿಗಿಟ್ಟೆ.

ಅರಿಶಿನ ಬಳಿದುಕೊಂಡ ಒಂದು ಕೂಸು ನೀರಿನ ತಂಬಿಗೆ ತಂದಿತು.

“ನಿಮ್ಮಕ್ಕನ್ನ ಕರಿಯವಾ, ಮದಿಮಗಳನ್ನ ನೋಡೂಣು.”

“ನಾನ ರೀ ಮದಿಮಗಳು. ಚಂದವ್ವ.”

ಉಂಡಿ ಗಂಟಲಲ್ಲಿ ಸಿಕ್ಕಿತು. ದೊಡ್ಡಾಕಿ ಎಂದರೆ ಮೈನೆರೆದವಳು. ನಮ್ಮ ಮನೆಯಲ್ಲೂ ಅದೇ ಅರ್ಥ. ಕಾನೂನು ತುಂಬಿದ ನನ್ನ ದಪ್ಪ ತಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಷ್ಟೇ.

“ಈಕಿ ಸಣ್ಣಾಕಿ!” ಎಂದು ಕೆಮ್ಮುತ್ತಲೇ ಗುಡುಗಿದೆ.

“ಈಗರ ನೀವ ಒಪ್ಪಿ ಉಂಡಿ ತಿಂದ್ರೆಲ್ರಿ?” ಎಂದಳು ಸಕ್ರವ್ವ. ನನ್ನ ಬಾಯಿ ತುಂಬ ಸಾಕ್ಷಿಯೇ ಇತ್ತು.

ಚಂದವ್ವ ತಂಬಿಗೆ ಕೆಳಗಿಟ್ಟಳು. “ದೊಡ್ಡಾಕಿ ಆದಿ ಅಂತ ಅವ್ವ ಸಾಲಿ ಬಿಡಿಸಿದ್ಲು. ನೀವೂ ಅವ್ವನ್ನ ಕೇಳಿದ್ರಿ. ದೊಡ್ಡಾಕಿ ಆಗಿದ್ರ ನನ್ನ ಯಾಕ ಯಾರೂ ಕೇಳವಲ್ರಿ?”

ನನಗೆ ನಾಚಿಕೆಯಾಯಿತು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. “ತಪ್ಪಾತವಾ. ಎಷ್ಟು ವಯಸ್ಸು ನಿನಗ?”

“ಹದಿಮೂರ ರೀ. ಸಾಲ್ಯಾಗ ಏಳನೇತ್ತ ಇದ್ದೆ.”

ಬಾಗಿಲಲ್ಲಿ ನಿಂತಿದ್ದ ನೀಲಪ್ಪನಿಗೆ, ನಾಳೆ ಅಕ್ಕಿಕಾಳು ಬಿದ್ದರೆ ಗಂಡಿನವರ ಜೊತೆ ಅವನನ್ನೂ ಕೋರ್ಟಿನಲ್ಲಿ ನಿಲ್ಲಿಸುತ್ತೇನೆಂದೆ. ಅವನು ಹೊರಗೆ ಹೋಗಿ ಹಂದರದ ಹಗ್ಗ ಬಿಚ್ಚತೊಡಗಿದ. ಸಕ್ರವ್ವ ಅಳುತ್ತಾ ಕೂತಳು.

“ಅವ್ವಾ, ಹಂಗಾರ ನಾಳೆ ಸಾಲಿಗೆ ಹೋಗ್ಲೇನು?” ಎಂದು ಚಂದವ್ವ ಮೆಲ್ಲಗೆ ಕೇಳಿದಳು.

ಸಕ್ರವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಮಗಳ ಮುಖ ನೋಡಿದಳು.

“ಮೊದ್ಲ ಆ ಅರಿಶಿಣ ತೊಳಕೋ ಹೋಗು.”