ಹಾಡು ಕೇಳಿದ ಬಲೆ

ನನ್ನ ಗಂಡ ದಿನಕರನಿಗೆ ಎರಡು ಕಿವಿ. ಒಂದು ನಾನು ಹೇಳಿದ್ದು ಕೇಳಿಸದ ಕಿವಿ, ಇನ್ನೊಂದು ನನ್ನಣ್ಣ ರಾಜೀವ ಹೇಳಿದ್ದನ್ನು ಮರೆಯದ ಕಿವಿ. ಈ ಸಲದ ಮಳೆಗಾಲದಲ್ಲಿ ನಮ್ಮ ಮನೆ ಪಟ್ಟ ಪಾಡೆಲ್ಲ ಆ ಎರಡನೆಯ ಕಿವಿಯ ದೆಸೆಯಿಂದ.

ರಾಜೀವಣ್ಣ ಕುಮಟಾದಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತ, ಅಲ್ಲೇ ಹತ್ತಿರದ ಹೊಳನಗದ್ದೆಯಲ್ಲಿ ಮನೆ ಕಟ್ಟಿಸಿದ್ದಾನೆ. ಮೇ ತಿಂಗಳಲ್ಲಿ ನಮ್ಮನ್ನು ಊಟಕ್ಕೆ ಕರೆದು ಹೊಸ ಹೋಮ್ ಥಿಯೇಟರ್ ತೋರಿಸಿದ. ಐದು ಸ್ಪೀಕರು, ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ. ಅಂಗಡಿಯ ಇಂಜಿನಿಯರ್ ಬಂದು, ಕೋಣೆಗೆ ತಕ್ಕ ಹಾಗೆ ಸದ್ದು ಹದ ಮಾಡಿ ಕೊಟ್ಟು ಹೋಗಿದ್ದನಂತೆ. ಅದನ್ನು ನಾವೇ ಮಾಡಿಕೊಳ್ಳಲು ಬರುವುದಿಲ್ಲವೇ ಎಂದು ಇವರು ಕೇಳಿದರು. ಅಣ್ಣ ನಕ್ಕುಬಿಟ್ಟ.

"ಇದು ಬೋಟಿನವ್ರ ಕೈಲಿ ಆಗೂ ಕೆಲ್ಸ ಅಲ್ಲ ಭಾವ."

ಈ ಮಾತು ಆಡಿದವನನ್ನು ಓದಿಸಿದ್ದು ನಮ್ಮಪ್ಪ, ಸಾಯುವ ತನಕ ದೋಣಿಯ ಹುಟ್ಟು ಹಾಕಿ. ನನಗೆ ಅನ್ನ ಇಳಿಯಲಿಲ್ಲ. ಇವರು ಮಾತ್ರ ಎರಡು ಸಲ ಪಾಯಸ ಹಾಕಿಸಿಕೊಂಡರು. ಬಸ್ಸಿನಲ್ಲಿ ಬರುವಾಗ ಮೊಬೈಲಿನಲ್ಲಿ ಸ್ಪೀಕರ್ ಹುಡುಕುತ್ತಿದ್ದರು.

ಜೂನ್ ಬಂತು, ಮಳೆಗಾಲದ ನಿಷೇಧಕ್ಕೆ ಎರಡು ತಿಂಗಳು ಮೀನುಗಾರಿಕೆ ಬಂದ್ ಆಯಿತು. ನಮ್ಮೂರು ಅಘನಾಶಿನಿಯಲ್ಲಿ ಬೋಟಿದ್ದವರಿಗೆ ಆ ಎರಡು ತಿಂಗಳು ಬಲೆ ಹೊಲಿಯುವ ಕೆಲಸ. ನಮ್ಮ ಬಲೆಯೂ ಪ್ರತಿ ವರ್ಷದಂತೆ ಮನೆಗೆ ಬಂದು, ಹಾಲ್‌ನಲ್ಲಿ ಕಿಟಕಿಯ ಎತ್ತರಕ್ಕೆ ರಾಶಿ ಬಿತ್ತು. ಅದರ ಪಕ್ಕದಲ್ಲಿ ನನ್ನ ಮಾವ ತಿಮ್ಮಪ್ಪನವರು ಸೂಜಿ ಹಿಡಿದು ಕೂತರು. ಎದುರಿಗೆ ಇವರು ತರಿಸಿದ ಐದು ಸ್ಪೀಕರು ಬಂದು ಕೂತವು.

ಸದ್ದು ಹದ ಮಾಡುವುದೆಂದರೆ ಹೀಗೆ. ನಾವು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಒಂದು ಪುಟ್ಟ ಮೈಕು ನಿಲ್ಲಿಸಬೇಕು. ಸ್ಪೀಕರು ಬುಸ್ಸೆನ್ನುತ್ತದೆ, ಮೈಕು ಕೇಳಿಸಿಕೊಂಡು ಮೊಬೈಲಿನಲ್ಲಿ ಗೆರೆ ಎಳೆಯುತ್ತದೆ. ಗೆರೆಯಲ್ಲಿ ಗುಡ್ಡ ಎದ್ದ ಕಡೆ ಸದ್ದನ್ನು ತಗ್ಗಿಸಬೇಕು, ಹೊಂಡ ಬಿದ್ದ ಕಡೆ ಏರಿಸಬೇಕು. ಇಷ್ಟಕ್ಕೆ ನಮ್ಮ ಮನೆಯಲ್ಲಿ ಒಂದು ತಿಂಗಳು ಹಿಡಿಯಿತು. ಮೈಕನ್ನು ನನ್ನ ಕಸಬರಿಗೆಯ ಕೋಲಿಗೆ ಕಟ್ಟಿದ್ದರು, ಹಾಗಾಗಿ ಕಸ ಗುಡಿಸುವುದು ನಿಂತಿತು. ಕುಕ್ಕರ್ ಸೀಟಿ ಹೊಡೆಯುವ ಹಾಗಿರಲಿಲ್ಲ. ಮಾವ ಕೆಮ್ಮಿದರೆ ಗೆರೆಯಲ್ಲಿ ಒಂದು ಗುಡ್ಡ ಏಳುತ್ತಿತ್ತು, ಆದ್ದರಿಂದ ಅವರನ್ನು ಜಗಲಿಗೆ ಕಳಿಸಲಾಯಿತು. ಹೆಂಚಿನ ಮೇಲೆ ಮಳೆ ಬಿದ್ದರೂ ಆಗುತ್ತಿರಲಿಲ್ಲ. ಆಷಾಢದಲ್ಲಿ ಮಳೆ ನಿಲ್ಲಲಿ ಎಂದು ಬಾಗಿಲಲ್ಲಿ ಕಾದು ಕೂತ ಗಂಡಸನ್ನು ನಾನು ಕಂಡದ್ದು ಅದೇ ಮೊದಲು.

ಸುಳ್ಳು ಹೇಳಬಾರದು, ಕೊನೆಗೆ ಬಂದ ಸದ್ದು ಚೆನ್ನಾಗಿತ್ತು. ತಬಲದ ಪೆಟ್ಟು ಎದುರಿಗೇ ಕೂತು ಬಾರಿಸಿದಷ್ಟು ಸ್ಪಷ್ಟ. ಅಣ್ಣನ ಮನೆಯದ್ದು ಇದರ ಮುಂದೆ ಏನೂ ಅಲ್ಲ. ಅವನ ಬಾಯಿ ಒಮ್ಮೆ ಮುಚ್ಚಲಿ ಎಂದು ನನಗೂ ಆಸೆಯಾಯಿತು. ಆಗಸ್ಟಿನ ಮೊದಲ ಭಾನುವಾರ ಬಾ, ನಮ್ಮ ಬೋಟಿನ ಹೊಸ ಮೀನು ಉಂಡು ಹಾಡು ಕೇಳಿ ಹೋಗು ಎಂದು ಇವರೇ ಫೋನು ಮಾಡಿ ಕರೆದರು.

ಜುಲೈ ಮೂವತ್ತಕ್ಕೆ ಬಲೆ ಬೋಟಿಗೆ ಹೋಯಿತು. ಸಂಜೆ ಇವರು ಹಾಡು ಹಾಕಿದರೆ, ಕಿವಿಗೆ ಸೂಜಿ ಚುಚ್ಚಿದ ಹಾಗೆ. ಹಾಡುವವಳು ಬಾವಿಯೊಳಗೆ ಬಿದ್ದು ಕೂಗುತ್ತಿದ್ದಳು. ಮೊದಲು ನಾನು ನೆಲ ಒರೆಸಿದ್ದು ತಪ್ಪಾಯಿತು, ಆಮೇಲೆ ಸ್ಟೀಲ್ ಪಾತ್ರೆಗಳ ತಪ್ಪಾಯಿತು. ಮತ್ತೆ ಎರಡು ಸಲ ಮೈಕು ಕಟ್ಟಿ ಅಳೆದರು. ಗೆರೆ ನೆಟ್ಟಗಾಯಿತು, ಗೋಡೆಯಿಂದ ಗೋಡೆಗೆ ಬಡಿಯುವ ದನಿ ಹೋಗಲಿಲ್ಲ. ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದ ಮಾವ ಕುಹಕಕ್ಕೆ ಒಂದು ಮಾತು ಹೇಳಿದರು.

"ಆಗ ಬಲೆ ಇತ್ತಲಾ ಮಾರಾಯ. ಸದ್ದೆಲ್ಲ ಅದೇ ಕುಡೀತಿತ್ತು."

ಅವರು ಕುಹಕಕ್ಕೆ ಹೇಳಿದರು, ಇವರು ಉಪಾಯ ಅಂದುಕೊಂಡರು. ಮರುದಿನ ಬೆಳಿಗ್ಗೆ ಟೆಂಪೋ ಬಂತು, ಬಲೆ ವಾಪಸು ಹಾಲ್‌ಗೆ ಬಂತು. ಬೋಟು ನಡೆಸುವ ತಾಂಡೇಲ ಕುಪ್ಪನಿಗೆ, ಬಲೆ ಎರಡು ಕಡೆ ಹರಿದಿದೆ, ಹೊಲಿಯಬೇಕು ಎಂದು ಸುಳ್ಳು ಹೇಳಿದರು. ಕುಪ್ಪ ಬಲೆಯನ್ನೊಮ್ಮೆ ನೋಡಿ, ಆತು ಎಂದು ಹೇಳಿ, ಬೇರೆಯವರ ಬೋಟು ಹತ್ತಿದ. ಒಂದನೇ ತಾರೀಕು ಊರಿನ ಬೋಟುಗಳೆಲ್ಲ ಪೂಜೆ ಮಾಡಿಸಿಕೊಂಡು ಕಡಲಿಗೆ ಹೋದವು. ನಮ್ಮದು ಬೋಟು ಕಟ್ಟುವ ಧಕ್ಕೆಯಲ್ಲಿ ಒಂಟಿಯಾಗಿ ನಿಂತಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಹೊಟ್ಟೆ ತುಂಬಿಸುವುದು ಬೋಟೋ ಸ್ಪೀಕರೋ ಎಂದು ಬಾಯಿಗೆ ಬಂದ ಹಾಗೆ ಬೈದೆ.

"ಎರಡು ದಿನ, ವಿನುತಾ," ಎಂದರು ಇವರು. "ಸಮುದ್ರ ಎಲ್ಲಿಗೂ ಹೋಗೂದಿಲ್ಲ."

ಸಮುದ್ರ ಹೋಗುವುದಿಲ್ಲ ಸರಿ, ಭಾನುವಾರದ ಸಾರಿಗೆ ಮೀನೆಲ್ಲಿ? ಬೋಟಿದ್ದ ಮನೆಯವರು ಹಂಗಾಮಿನಲ್ಲಿ ಮೀನು ಕೊಂಡು ತಂದರೆ ನಮ್ಮಲ್ಲಿ ಊರೇ ನಗುತ್ತದೆ. ಆದರೂ ಬೆಳಿಗ್ಗೆ ಹಿತ್ತಲಿನಿಂದ ಹೋಗಿ ಮೀನು ಮಾರುವ ಕಮಲಿಯ ಬುಟ್ಟಿಯಿಂದ ಬಂಗಡೆ ತಂದೆ, ಸೆರಗಿನಲ್ಲಿ ಮುಚ್ಚಿಕೊಂಡು. ಕಮಲಿ ಎರಡು ಮೀನು ಹೆಚ್ಚಿಗೆ ಹಾಕಿದಳು. ಯಾಕೆಂದು ಕೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಣ್ಣ ಬಂದ. ಬಲೆಯ ಪಕ್ಕದ ಕುರ್ಚಿಯಲ್ಲಿ ಕರವಸ್ತ್ರ ಹಾಸಿ ಕೂತ, ಮೂರು ಹಾಡು ಕೇಳಿದ. ಯಾವ ಅಂಗಡಿಯ ಇಂಜಿನಿಯರ್ ಬಂದಿದ್ದ ಎಂದು ವಿಚಾರಿಸಿದ. ನಾನೇ ಮಾಡಿದ್ದು ಎಂದರು ಇವರು. ಅಣ್ಣ ಎದ್ದು ಹೋಗಿ ಸ್ಪೀಕರಿನ ಹಿಂದೆ ಬಗ್ಗಿ ನೋಡಿ ಬಂದ. ದೇವರಾಣೆ, ಆ ಗಳಿಗೆಯಲ್ಲಿ ನನಗೆ ಎಲ್ಲ ಸಿಟ್ಟೂ ಇಳಿದು, ನನ್ನ ಗಂಡನ ಮೇಲೆ ಹೆಮ್ಮೆಯಾಯಿತು.

ಆಮೇಲೆ ಎಲೆ ಹಾಕಿದೆ. ಅಣ್ಣ ಬಂಗಡೆಯ ಮುಳ್ಳು ಬಿಡಿಸುತ್ತ, ಹೊಸ ಮೀನಿನ ರುಚಿಯೇ ಬೇರೆ, ಭಾವನ ಬೋಟಿಗೆ ಮೊದಲ ದಿನವೇ ಚೆನ್ನಾಗಿ ಬಿದ್ದಿದೆ ಎಂದು ಹೊಗಳಿದ. ಇವರು ಎಲೆ ನೋಡುತ್ತ ಕೂತರು. ನಾನು ಸಾರು ಬಡಿಸುವ ನೆಪದಲ್ಲಿ ಮಾತು ತಿರುಗಿಸಲು ಹೊರಟೆ. ಅಷ್ಟರಲ್ಲಿ ಮಾವ ಬಾಯಿ ತೆರೆದರು.

"ಇದು ಕಮಲಿ ಬುಟ್ಟಿ ಮೀನು. ನಮ್ ಬಲೆ ಇಲ್ಲೇ ಕೂತು ಹಾಡು ಕೇಳ್ತಿತ್ತು."

ಅಣ್ಣ ಬಲೆ ನೋಡಿದ, ಸ್ಪೀಕರು ನೋಡಿದ, ನನ್ನ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಬೋಟಿನವ್ರ ಕೆಲ್ಸನೂ ಬಿಟ್ರಾ ಭಾವ?" ಎಂದು ಕೇಳಿ, ಇನ್ನೊಂದು ಬಂಗಡೆ ಹಾಕು ಎಂದು ನನ್ನತ್ತ ಎಲೆ ಸರಿಸಿದ.

ಇವರು ಅರ್ಧ ಎಲೆಯಲ್ಲಿ ಎದ್ದು ಕೈ ತೊಳೆದರು. ಬೆಳಿಗ್ಗೆಯಷ್ಟೇ ಕಡಲಿನಿಂದ ಮರಳಿದ್ದ ಕುಪ್ಪನಿಗೆ ಫೋನು ಮಾಡಿ, ಟೆಂಪೋ ತೆಗೆದುಕೊಂಡು ಬಾ, ಬಲೆ ಎಲ್ಲೂ ಹರಿದಿರಲಿಲ್ಲ ಎಂದರು. ಅಷ್ಟು ಹೇಳಿದ್ದಕ್ಕೆ ನಾನು ಅವರನ್ನು ಅರ್ಧ ಕ್ಷಮಿಸಿದೆ. ಟೆಂಪೋ ಬಂತು. ಮಾವ ಒಂದು ತುದಿ, ಕುಪ್ಪ ಒಂದು ತುದಿ, ನಡುವೆ ಇವರು. ಅಣ್ಣ ಉಣ್ಣುತ್ತಲೇ ಇದ್ದ.

ಉಳಿದ ಅನ್ನ ಉಂಡು ಹೋಗಿ ಎಂದು ಹಾಲ್‌ನಲ್ಲಿ ನಿಂತು ಕೂಗಿದೆ. ಟೆಂಪೋ ಬಲೆಯನ್ನೂ ಇವರನ್ನೂ ಹತ್ತಿಸಿಕೊಂಡು ಹೊರಟುಬಿಟ್ಟಿತ್ತು. ಬಲೆಯಿಲ್ಲದ ಹಾಲ್‌ನಲ್ಲಿ ನನ್ನ ಮಾತು ಗೋಡೆಗೆ ಬಡಿದು ನನಗೇ ಮತ್ತೊಮ್ಮೆ ಕೇಳಿಸಿತು.