ಹತ್ತು ಹಲ್ಲು

ಚೈನಿಗೆ ಬೆರಳು ತಾಗಿಸಿದ ಕೂಡಲೇ ಮೆಕ್ಯಾನಿಕ್‌ಗೆ ಗೊತ್ತಾಯಿತು, ಈ ಗಾಡಿಯನ್ನು ಬೇರೆ ಯಾರೋ ಮುಟ್ಟಿದ್ದಾರೆ. ಚೈನು ಬಿಗಿಯೂ ಇರಲಿಲ್ಲ, ಜೋತೂ ಬಿದ್ದಿರಲಿಲ್ಲ. ಆದರೆ ಅದು ಅವನು ಬಿಟ್ಟಿದ್ದ ಹದವಲ್ಲ. ಹಿಂದಿನ ಚಕ್ರ ಒಂದು ಕಾಳಿನಷ್ಟು ಹಿಂದಕ್ಕೆ ಸರಿದಿತ್ತು. ಅವನು ನೆಲಕ್ಕೆ ಮೊಣಕಾಲೂರಿ, ಎಂಜಿನ್ ಪಕ್ಕದ ಮುಂದಿನ ಸ್ಪ್ರಾಕೆಟ್ಟನ್ನು, ಚೈನು ಸುತ್ತುವ ಹಲ್ಲಿನ ಚಕ್ರವನ್ನು, ಬಗ್ಗಿ ನೋಡಿದ. ಹೊಸತು, ಹೊಳೆಯುತ್ತಿತ್ತು. ಹಲ್ಲು ಎಣಿಸಿದ. ಹನ್ನೊಂದು ಇರಬೇಕಾದ ಕಡೆ ಹತ್ತು ಇತ್ತು.

ಕೆಲಸ ಕೆಟ್ಟದಾಗಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಂದು ಬೋಲ್ಟಿನ ತಲೆ ಸವೆದಿದ್ದರೂ ಸಾಕಿತ್ತು, ಬಯ್ದುಕೊಂಡು ಹಗುರಾಗಬಹುದಿತ್ತು. ಹಾಗೇನೂ ಇರಲಿಲ್ಲ. ಬೋಲ್ಟಿನ ಸುತ್ತ ಹಳೆಯ ಮಣ್ಣನ್ನು ಬ್ರಷ್ಷಿನಿಂದ ತಿಕ್ಕಿ ತೆಗೆದಿದ್ದರು. ಚೈನಿನ ಲಾಕು ಸರಿಯಾದ ದಿಕ್ಕಿಗೇ ಇತ್ತು. ಅವನಿಗೆ ಮೈಯೆಲ್ಲ ಉರಿಯಿತು.

ಗಾಡಿ ಬೇಕರಿಯವನದು. ಎಲ್ಲರೂ ಅವನನ್ನು ತಕ್ಕಡಿ ಎನ್ನುತ್ತಾರೆ, ಏಕೆಂದರೆ ನಿಂತ ಗಾಡಿಯ ಮೇಲೆ ಕಾಲು ಕೆಳಗಿಡದೆ ಒಂದು ಬನ್ನು ತಿಂದು ಮುಗಿಸಬಲ್ಲ. ಇದು ಸೀಟೇ ಇಲ್ಲದ, ಮೇಕೆಯಂಥ, ಟ್ರಯಲ್ಸ್ ಎಂಬ ಆಟದ ಬೈಕು. ಈ ಆಟದಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೆಸರು, ಮರದ ಬೇರುಗಳ ಮೇಲೆ ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ತಾಗಿಸಿದರೆ ಒಂದು ದಂಡ, ಬಿದ್ದರೆ ಐದು. ದಂಡ ಕಡಿಮೆ ಬಿದ್ದವನು ಗೆದ್ದ. ನಡೆದುಕೊಂಡೇ ಹೋಗಬಹುದಾದ ಕಡೆಗೆ ಪೆಟ್ರೋಲು ಯಾಕೆ ಸುಡಬೇಕು ಎಂದು ನೋಡಿದವರು ನಗುತ್ತಾರೆ. ನಗಲಿ.

ಓಡಿಸುವವನು ತಕ್ಕಡಿ, ಗಾಡಿ ನೋಡಿಕೊಳ್ಳುವವನು ಮೆಕ್ಯಾನಿಕ್. ಇಬ್ಬರಿಗೂ ಮದುವೆಯಾಗುವ ಮೊದಲಿನಿಂದ ನಡೆದುಬಂದ ಏರ್ಪಾಡು ಇದು. ಗೆದ್ದ ಕಪ್ಪುಗಳು ಬೇಕರಿಯ ಗಾಜಿನ ಕಪಾಟಿನಲ್ಲಿ ಕೇಕುಗಳ ಮೇಲಿನ ಅಂತಸ್ತಿನಲ್ಲಿ ಇರುತ್ತಿದ್ದವು. ಮೆಕ್ಯಾನಿಕ್ ಬ್ರೆಡ್ಡು ತರಲು ಹೋದಾಗಲೆಲ್ಲ ಅವುಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ಅರ್ಧ ನನ್ನದು ಎಂದುಕೊಂಡು ಬರುತ್ತಿದ್ದ. ಆ ಗಾಡಿಯ ಒಂದು ನಟ್ಟನ್ನೂ ಇನ್ನೊಬ್ಬರು ಮುಟ್ಟಿದ್ದಿಲ್ಲ.

ಈ ವರ್ಷ ತಕ್ಕಡಿ ಮೂರು ಸಲ ಕೇಳಿದ್ದ. "ಹಿಟ್ಟು ನಾದಿ ನಾದಿ ಎಡಗೈ ಮಣಿಕಟ್ಟು ಹೋಗಿದೆ ಕಣೋ. ಕ್ಲಚ್ ಹಿಡ್ಕೊಂಡೇ ಇರೋಕೆ ಆಗ್ತಿಲ್ಲ. ಮುಂದೆ ಒಂದು ಹಲ್ಲು ಕಮ್ಮಿ ಮಾಡು, ಗಾಡಿ ತಾನಾಗೇ ನಿಧಾನಕ್ಕೆ ಹೋಗ್ಲಿ."

"ಒಂದು ಹಲ್ಲು ಕಮ್ಮಿ ಮಾಡಿದ್ರೆ ಅದು ರೋಡ್ ರೋಲರ್ ಆಗುತ್ತೆ," ಎಂದು ಮೆಕ್ಯಾನಿಕ್ ಮೂರು ಸಲವೂ ನಕ್ಕು ಕಳಿಸಿದ್ದ. ಹನ್ನೊಂದು ಹಲ್ಲು ಅವನೇ ಆರಿಸಿ ಹಾಕಿದ್ದು. ಅದನ್ನು ಬದಲಿಸು ಎಂದರೆ ಅವನಿಗೆ ನೀನು ಬದಲಾಗು ಎಂದ ಹಾಗೆ ಕೇಳಿಸುತ್ತಿತ್ತು.

ಹಿಂದಿನ ವಾರ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಅವನು ಊರಲ್ಲಿರಲಿಲ್ಲ. ಅಷ್ಟರಲ್ಲಿ ಇದು ಆಗಿದೆ. ಯಾರ ಕೆಲಸ ಎಂದು ಹುಡುಕಬೇಕಾದ್ದೇ ಇರಲಿಲ್ಲ. ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ಹೊಸ ವರ್ಕ್‌ಶಾಪ್ ಬಂದಿತ್ತು. ಅದರ ಮಾಲೀಕ ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸ ಮಾಡುತ್ತಿದ್ದ, ಬಂದ ಗಿರಾಕಿಗೆ ಕಾಫಿ ಕೊಡುತ್ತಿದ್ದ. ಮೆಕ್ಯಾನಿಕ್ ಅವನಿಗೆ ಗ್ಲೌಸಪ್ಪ ಎಂದು ಹೆಸರಿಟ್ಟು, ಆ ಹೆಸರನ್ನು ಬೀದಿಗೆಲ್ಲ ಹಂಚಿದ್ದ.

ಮಧ್ಯಾಹ್ನದ ಹೊತ್ತಿಗೆ ತಕ್ಕಡಿ ಒಂದು ಪೊಟ್ಟಣ ಬನ್ನು ಹಿಡಿದು ಬಂದ. ಪ್ರತಿ ಸ್ಪರ್ಧೆಯ ಹಿಂದಿನ ದಿನ ಗಾಡಿ ಇಲ್ಲೇ ಇರುತ್ತದೆ, ಬೆಳಿಗ್ಗೆ ಮೆಕ್ಯಾನಿಕ್‌ನ ವ್ಯಾನಿನಲ್ಲೇ ಹೋಗುತ್ತದೆ.

"ಗಾಡಿ ಹೆಂಗಿದೆ?" ಎಂದು ಮೆಕ್ಯಾನಿಕ್ ಕೇಳಿದ.

"ಸೂಪರ್ ಆಗಿದೆ. ಬೆಣ್ಣೆ."

"ಏನಾದ್ರೂ ಮಾಡಿಸಿದ್ಯಾ?"

ತಕ್ಕಡಿ ಒಳಗಿನ ಬಿಡಿಭಾಗಗಳ ಕೌಂಟರಿನ ಕಡೆ ಒಮ್ಮೆ ನೋಡಿ, ಮೀಸೆಯಡಿ ನಕ್ಕ. "ನಾಳೆ ಮುಗೀಲಿ, ಎಲ್ಲಾ ಹೇಳ್ತೀನಿ."

ಆ ನಗುವೇ ಮೆಕ್ಯಾನಿಕ್‌ನನ್ನು ಸುಟ್ಟಿತು. ಹೊಸ ಗೆಳೆತನದ ಗುಟ್ಟನ್ನು ಹಳೆಯ ಗೆಳೆಯನ ಮುಂದೆ ಬಾಯಲ್ಲಿಟ್ಟುಕೊಂಡು ಚಪ್ಪರಿಸುವವನ ನಗು. ಗ್ಲೌಸಪ್ಪನ ಗಾಜಿನ ಬಾಗಿಲ ಹಿಂದೆ ತಕ್ಕಡಿ ಕಾಲ ಮೇಲೆ ಕಾಲು ಹಾಕಿ ಕೂತು ಕಾಫಿ ಕುಡಿಯುವುದು, 'ನಮ್ಮವನು ಮಾತು ಕೇಳಲ್ಲ ಬಿಡಿ' ಎನ್ನುವುದು, ಅವನು ತಲೆಯಾಡಿಸುವುದು ಎಲ್ಲ ಕಣ್ಣಿಗೆ ಕಟ್ಟಿದಂತೆ ಕಂಡವು. ಬನ್ನಿನ ಪೊಟ್ಟಣವನ್ನು ಅವನು ಬಿಚ್ಚಲೇ ಇಲ್ಲ.

ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. ಕೌಂಟರು ನೋಡಿಕೊಳ್ಳುವವಳು ಅವಳೇ. ಅವನು ಗಾಡಿಯಡಿ ಮಲಗಿ ಕೈ ಚಾಚಿದರೆ ಕೇಳುವ ಮೊದಲೇ ಬೇಕಾದ ಸ್ಪ್ಯಾನರ್ ಅವನ ಕೈಯಲ್ಲಿ ಇಡುವವಳೂ ಅವಳೇ.

"ತಕ್ಕಡಿ ಅಣ್ಣನ ಗಾಡಿ ನೋಡಿದ್ರೇನ್ರೀ?"

"ನೋಡ್ದೆ. ಯಾವನೋ ಕೈ ಹಾಕಿದಾನೆ."

ಅವಳು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ಕೆಲಸ ಹೆಂಗಿದೆ?"

"ಕೆಲಸವಾ ಅದು? ಕಸುಬು ಗೊತ್ತಿಲ್ಲದವನು ಮಾಡಿರೋದು. ನಾಚಿಕೆಗೇಡು."

"ಏನು ತಪ್ಪಾಗಿದೆ?"

"ನಿನಗೆ ಹೇಳಿದ್ರೆ ಅರ್ಥ ಆಗುತ್ತಾ? ಬಡಿಸು."

ಅವಳು ಬಡಿಸಿದಳು. ಪಾತ್ರೆ ತೊಳೆದಿಟ್ಟು, ಅಕ್ಕನ ಮನೆಗೆ ಹೋಗಿಬರುತ್ತೇನೆ ಎಂದು ಹೊರಟಳು. ತನ್ನ ಸಂಕಟ ತನಗೆ ಸಾಕಾಗಿದ್ದ ಅವನು ಅವಳ ಮುಖವನ್ನೂ ನೋಡಲಿಲ್ಲ.

ಅವಳು ತಿರುವು ದಾಟಿದ ಮೇಲೆ ಮೆಕ್ಯಾನಿಕ್ ಶಟರನ್ನು ಅರ್ಧ ಇಳಿಸಿದ. ಹಳೆಯ ಹನ್ನೊಂದು ಹಲ್ಲಿನ ಸ್ಪ್ರಾಕೆಟ್ಟು ಕಪಾಟಿನಲ್ಲಿ, ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ ಇಟ್ಟಿದ್ದು ಸಿಕ್ಕಿತು. ಅದು ತನ್ನ ಕಪಾಟಿಗೇ ಹೇಗೆ ಬಂತು ಎಂದು ಇನ್ನೊಂದು ದಿನವಾಗಿದ್ದರೆ ಯೋಚಿಸುತ್ತಿದ್ದ. ಹೊಟ್ಟೆಕಿಚ್ಚು ಹತ್ತಿದವನಿಗೆ ಒಂದೇ ಕಡೆ ಕಣ್ಣು. ತಕ್ಕಡಿಯೇ ತಂದು ಎಸೆದು ಹೋಗಿದ್ದಾನೆ ಎಂದುಕೊಂಡ. ಅದರಿಂದ ಇನ್ನೂ ಉರಿ ಏರಿತು.

ಹಿಂದಿನ ಚಕ್ರ ಸಡಿಲಿಸಿದ, ಚೈನು ಕಳಚಿದ, ಹತ್ತನ್ನು ತೆಗೆದು ಹನ್ನೊಂದನ್ನು ಕೂರಿಸಿದ. ನಾನೇನು ಹಾಳು ಮಾಡುತ್ತಿಲ್ಲವಲ್ಲ, ಮೊದಲಿದ್ದ ಹಾಗೆ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ನಾಳೆ ಬಂಡೆಯ ಮೇಲೆ ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ತಕ್ಕಡಿ ಮುಗ್ಗರಿಸುತ್ತಾನೆ. ಗ್ಲೌಸಪ್ಪನ ಹತ್ತು ಹಲ್ಲು ಕೈಕೊಟ್ಟಿತು ಎಂದುಕೊಳ್ಳುತ್ತಾನೆ. ಸೋತ ಮುಖ ಹೊತ್ತುಕೊಂಡು ಇಲ್ಲಿಗೇ ವಾಪಸ್ ಬರುತ್ತಾನೆ. ಇಷ್ಟೇ ಅವನಿಗೆ ಬೇಕಾದದ್ದು. ಗೆಳೆಯ ಸೋಲಬೇಕು ಎಂದಲ್ಲ, ತನ್ನ ಹತ್ತಿರ ಬರಬೇಕು. ಆದರೆ ಸೋಲದೆ ಬರುವ ದಾರಿ ಅವನಿಗೆ ಹೊಳೆಯಲಿಲ್ಲ. ಇಷ್ಟಾದರೂ ಕೆಲಸವನ್ನು ಕೆಟ್ಟದಾಗಿ ಮಾಡಲು ಅವನ ಕೈ ಒಪ್ಪಲಿಲ್ಲ. ಚೈನಿನ ಹದವನ್ನು ಎರಡೆರಡು ಸಲ ನೋಡಿಯೇ ಬೋಲ್ಟು ಬಿಗಿದ.

ಭಾನುವಾರ ಬೆಳಿಗ್ಗೆ ಮೂವರೂ ವ್ಯಾನಿನಲ್ಲಿ ಹೋದರು. ಹೆಂಡತಿ ಯಾವತ್ತೂ ಸ್ಪರ್ಧೆಗೆ ಬರುವವಳಲ್ಲ. ಇವತ್ತು ಬೆಳಗ್ಗೆಯೇ ಎದ್ದು ಒಳ್ಳೆಯ ಬಟ್ಟೆ ಉಟ್ಟು ಸಿದ್ಧಳಾಗಿದ್ದಳು. "ಮನೇಲಿ ಕೂತು ಏನ್ ಮಾಡ್ಲಿ," ಎಂದಳು. ದಾರಿಯುದ್ದಕ್ಕೂ ಅವಳೂ ತಕ್ಕಡಿಯೂ ಏನೇನೋ ಮಾತಾಡಿ ನಗುತ್ತಿದ್ದರು. ಮೆಕ್ಯಾನಿಕ್ ವ್ಯಾನು ಓಡಿಸುವುದರಲ್ಲೇ ಇದ್ದ.

ನೀರು ಬತ್ತಿದ ಹಳ್ಳದಲ್ಲಿ, ಎಳೆದು ಕಟ್ಟಿದ ಎರಡು ಪ್ಲಾಸ್ಟಿಕ್ ಪಟ್ಟಿಗಳ ನಡುವೆ ಮೊದಲ ಹಾದಿ ಗುರುತು ಮಾಡಿದ್ದರು. ಉರುಟು ಕಲ್ಲುಗಳು, ಆಮೇಲೆ ಎದೆಯೆತ್ತರದ ಬಂಡೆಯ ಸುತ್ತ ಕಿರಿದಾದ ತಿರುವು. ತಕ್ಕಡಿ ಗಾಡಿಯನ್ನು ಆಚೀಚೆ ಓಡಿಸಿ ನೋಡಿ ಹುಬ್ಬುಗಂಟಿಕ್ಕಿದ. "ಯಾಕೋ ಇವತ್ತು ಮುಂದಕ್ಕೆ ಎಳೀತಿದೆ ಕಣೋ," ಎಂದ.

"ಎಂಜಿನ್ ತಣ್ಣಗಿದೆ. ಬಿಸಿಯಾದ್ರೆ ಸರಿ ಹೋಗುತ್ತೆ," ಎಂದ ಮೆಕ್ಯಾನಿಕ್. ತನ್ನ ದನಿ ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ.

ತೀರ್ಪುಗಾರ ಕೈ ಬೀಸಿದ. ಉರುಟು ಕಲ್ಲುಗಳನ್ನು ತಕ್ಕಡಿ ಹೇಗೋ ದಾಟಿದ. ತಿರುವಿನಲ್ಲಿ ಗಾಡಿ ಬೇಕಾದ್ದಕ್ಕಿಂತ ಬೇಗ ಮುಂದೆ ಹೋಯಿತು. ಅವನು ಕ್ಲಚ್ ಎಳೆದ. ಬಿಟ್ಟ. ಮತ್ತೆ ಎಳೆದ. ಎಡಗೈ ನಡುಗುವುದು ದಡದವರೆಗೂ ಕಾಣುತ್ತಿತ್ತು. ಒಂದು ಕಾಲು ನೆಲಕ್ಕೆ ಬಂತು, ಇನ್ನೊಂದು ಬಂತು. ಮೂರನೆಯ ಸಲ ಗಾಡಿ ಬಂಡೆಗೆ ಒರಗಿ, ತಕ್ಕಡಿ ಕಲ್ಲುಗಳ ಮಧ್ಯೆ ಕೂತುಬಿಟ್ಟ. ತೀರ್ಪುಗಾರ ಐದು ಬೆರಳೆತ್ತಿ ತೋರಿಸಿದ.

ಮೆಕ್ಯಾನಿಕ್‌ನ ಎದೆಯಲ್ಲಿ ಹಾಲು ಹೊಯ್ದಂತಾಯಿತು. ಅವನು ಗೆಳೆಯನನ್ನು ನೋಡಲಿಲ್ಲ. ದಡದಲ್ಲಿ ನಿಂತವರ ನಡುವೆ ಗ್ಲೌಸಪ್ಪನನ್ನು ಹುಡುಕಿದ. ಆ ಮುಖ ಸಪ್ಪಗಾಗುವುದನ್ನು ನೋಡಬೇಕಿತ್ತು. ಗ್ಲೌಸಪ್ಪ ಒಂದು ಮರಕ್ಕೆ ಒರಗಿ ಕಡಲೆ ತಿನ್ನುತ್ತಿದ್ದ. ಎಲ್ಲರ ಹಾಗೆ ಅವನೂ ಒಮ್ಮೆ ಲೊಚಗುಟ್ಟಿ, ಪಕ್ಕದವನಿಗೆ ಕಡಲೆ ಕೊಟ್ಟು, ಮುಂದಿನ ಸವಾರ ಯಾರು ಎಂದು ನೋಡತೊಡಗಿದ. ಯಾರೋ ಪರರ ಗಾಡಿ ಬಿದ್ದದ್ದನ್ನು ನೋಡಿದವನ ಮುಖ ಅದು.

ಅಷ್ಟರಲ್ಲಿ ಯಾರೋ ಪಟ್ಟಿಯಡಿ ನುಸುಳಿ ಹಳ್ಳಕ್ಕೆ ಓಡಿದರು. ಮೆಕ್ಯಾನಿಕ್‌ನ ಹೆಂಡತಿ. ತಕ್ಕಡಿ ಗಾಡಿಯನ್ನು ಎತ್ತಿ ಪಕ್ಕಕ್ಕೆ ತಳ್ಳಿಕೊಂಡು ಬಂದಿದ್ದ. ಅವಳು ಅವನಿಗೆ ಪೆಟ್ಟಾಯಿತೇ ಎಂದು ಕೇಳಿ, ಒಳ್ಳೆಯ ಬಟ್ಟೆಯಲ್ಲೇ ಕಲ್ಲಿನ ಮೇಲೆ ಮೊಣಕಾಲೂರಿ ಕೂತಳು. ಹಿಂದಿನ ಚಕ್ರದ ಅಚ್ಚಿನ ಕಡೆ ನೋಡಿದಳು. ಆಮೇಲೆ ಮುಂದಿನ ಸ್ಪ್ರಾಕೆಟ್ಟಿಗೆ ತೋರುಬೆರಳಿಟ್ಟಳು.

"ನಿಧಾನಕ್ಕೆ ಮುಂದೆ ತಳ್ಳಿ ಅಣ್ಣ."

ತಕ್ಕಡಿ ತಳ್ಳಿದ. ಅವಳ ತುಟಿ ಅಲುಗುತ್ತಿತ್ತು. ದಡದಿಂದ ಇಳಿದುಬಂದ ಮೆಕ್ಯಾನಿಕ್ ಆ ತುಟಿಗಳನ್ನು ನೋಡುತ್ತ ನಿಂತ. ಹತ್ತಾದ ಮೇಲೆ ಅವು ಇನ್ನೊಮ್ಮೆ ಅಲುಗಿದವು.

ಅವಳು ತಲೆಯೆತ್ತಿ ಗಂಡನನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ.

"ಏನಾಗಿದೆ ಅತ್ತಿಗೆ?" ಎಂದ ತಕ್ಕಡಿ.

"ನಾನೇ ಸರಿಯಾಗಿ ಮಾಡಿಲ್ಲ ಅನ್ಸುತ್ತೆ ಅಣ್ಣ," ಎಂದಳು ಅವಳು. "ನನ್ನ ನಂಬಿ ಕೆಟ್ರಿ."

"ಅಯ್ಯೋ, ಬಿಡಿ ಅತ್ತಿಗೆ. ಮೊನ್ನೆ ಓಡಿಸ್ದಾಗ ಎಷ್ಟು ಚೆನ್ನಾಗಿತ್ತು. ನನ್ನ ಕೈಯೇ ಸರಿಯಿಲ್ಲ ಇವತ್ತು." ಅವನು ಮೆಕ್ಯಾನಿಕ್ ಕಡೆ ತಿರುಗಿ ನಗಲು ನೋಡಿದ. "ನೀನು ಅಮ್ಮನ ಹತ್ರ ಹೋದಾಗ ಅತ್ತಿಗೆನೇ ಹಲ್ಲು ಬದಲಾಯಿಸಿ ಕೊಟ್ರು ಕಣೋ. ನೀನೇ ಕಂಡುಹಿಡೀತೀಯಂತೆ, ಕಂಡುಹಿಡಿದು ಯಾರೋ ಚೆನ್ನಾಗಿ ಮಾಡಿದಾರೆ ಅಂತ ಹೊಗಳ್ತೀಯಂತೆ, ಆಮೇಲೆ ಹೇಳಬೇಕಂತೆ. ಅದಕ್ಕೇ ಬಾಯಿ ಬಿಡಲಿಲ್ಲ."

ಮೆಕ್ಯಾನಿಕ್ ತಾನು ನಿನ್ನೆ ಬಿಗಿದ ಬೋಲ್ಟನ್ನೇ ನೋಡಿದ.

ಮುಂದಿನ ಹಾದಿಗೆ ಕರೆ ಬಂತು. ತಕ್ಕಡಿ ಎಡಗೈಯನ್ನು ಎರಡು ಸಲ ಕೊಡವಿ, ಕಿಕ್ ಹೊಡೆದು, ಗಾಡಿಯನ್ನು ಏರಿನತ್ತ ತಿರುಗಿಸಿದ. ಹೆಂಡತಿ ಎದ್ದಳು. ಗ್ರೀಸು ಹತ್ತಿದ ಬೆರಳನ್ನು ಬಟ್ಟೆಗೆ ತಾಗದಂತೆ ದೂರ ಹಿಡಿದಿದ್ದಳು. ಮೆಕ್ಯಾನಿಕ್ ಹೆಗಲ ಮೇಲಿದ್ದ ಬಟ್ಟೆಯ ಚೂರನ್ನು ತೆಗೆದು ಅವಳ ಕಡೆ ಚಾಚಿದ. ಅವಳು ಬಗ್ಗಿ, ಬೆರಳನ್ನು ಅಲ್ಲೇ ಒಂದು ಕಲ್ಲಿಗೆ ಒರೆಸಿ, ಒರೆಸಿದ್ದು ಹೋಗಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿ, ತಕ್ಕಡಿಯ ಹಿಂದೆ ಏರು ಹತ್ತಿದಳು.