ಜಾರುವ ನಳಿಕೆ

ಸೊಂಟಕ್ಕೆ ಬೆಲ್ಟು ಕಟ್ಟದೆ ಚಿಮಣಿ ಹತ್ತಿದ್ದ, ಅದಕ್ಕೇ ಬಿದ್ದು ಸತ್ತ ಎಂದು ಕಾರ್ಖಾನೆಯವರು ಬರೆದುಕೊಂಡರು, ಅಣ್ಣ ಬೆಲ್ಟು ಕಟ್ಟಿದ್ದ. ತಾರಸಿಯ ಮೇಲೆ ಬಿಸಿಲು ಏರುತ್ತಿದೆ, ಸೀಮೆಎಣ್ಣೆ ಮೂಗಿಗೆ ಹೊಡೆಯುತ್ತಿದೆ, ತಂಗಿಯ ಮಡಿಲಲ್ಲಿ ಅಣ್ಣನ ದೂರದರ್ಶಕದ ಹಿಂದಿನ ತುಂಡು, ಕಣ್ಣಿಡುವ ಗಾಜನ್ನು ಹಿಂದೆ ಮುಂದೆ ಸರಿಸಿ ನೋಟವನ್ನು ತಿಳಿಯಾಗಿಸುವ ನಳಿಕೆ — ಫೋಕಸರ್ ಅನ್ನಬೇಕು ಕಣೇ, ನಳಿಕೆ ಅಂತೆ ನಳಿಕೆ, ಅನ್ನುತ್ತಿದ್ದ — ಒರೆಸಿದಷ್ಟೂ ಗ್ರೀಸು, ಇಷ್ಟೊಂದು ಯಾಕೆ ಮೆತ್ತಿದೆಯೋ ಅಣ್ಣ, ಬಿಗಿಯಾಗಿದೆ ತಿರುಗಲ್ಲ ಅಂತ ನೀನೇ ಮೆತ್ತಿದೆ, ಆಮೇಲೆ ಅದು ನಿಲ್ಲಲೇ ಇಲ್ಲ, ಮುಂದಿನ ತುದಿ ಮೇಲೆತ್ತಿದರೆ ಸಾಕು, ಹಿಂದಿನದು ತನ್ನ ಭಾರಕ್ಕೆ ತಾನೇ ಜಾರಿ ಕೆಳಗೆ. ಒಳಗೆ ಮಖಮಲ್ಲಿನ ಪಟ್ಟಿ ಅಂಟಿಸಿ ಬಿಗಿ ಮಾಡ್ತೀನಿ ಕೊಡೋ ಅಂದಿದ್ದಳು, ಹೊಲಿಗೆ ಮೆಷಿನ್ನಿನ ಮುಂದೆ ಕೂತೇ, ಹೋಗೇ, ಇದೇನು ನಿನ್ನ ಲಂಗವಾ ಲಾಡಿ ಹಾಕಿ ಬಿಗಿಯೋಕೆ, ಅಂದಿದ್ದ, ಅಮ್ಮ ಎಷ್ಟು ನಕ್ಕಿದ್ದಳು, ಈಗ ಅಮ್ಮ ಕೆಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಎಬ್ಬಿಸಿದರೆ ಅವನು ಊಟ ಮಾಡಿದನಾ ಅನ್ನುತ್ತಾಳೆ. ಚಿಮಣಿಗೆ ಬಣ್ಣ ಬಳಿಯುವವನಿಗೆ ಚಂದ್ರ ಯಾಕೆ ಬೇಕಿತ್ತೋ, ಹತ್ತಿದ್ದು ಸಾಲದೆ ಹೋಯಿತೋ ಏನೋ, ಆವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, ಮೇಲೆ ಹೋದ ಮೇಲೆ ಕೈ ಬೀಸ್ತೀನಿ, ಇದರಲ್ಲಿ ನೋಡು, ತಲೆಕೆಳಗಾಗಿ ಕಾಣ್ತೀನಿ, ಬಾವಲಿ ಥರ, ಅಂದಿದ್ದ — ಕಂಡ, ತಲೆಕೆಳಗಾಗಿಯೇ ಕಂಡ, ಹಳದಿ ಬೆಲ್ಟಿನ ಕೊಕ್ಕೆಯನ್ನು ಏಣಿಯ ಕಂಬಿಗೆ ಸಿಕ್ಕಿಸಿ ಜಗ್ಗಿ ತೋರಿಸಿದ, ನೋಡಿದೆಯಾ, ಅಮ್ಮನಿಗೆ ಹೇಳು ಎಂಬಂತೆ, ಕೈ ಬೀಸಿ ಹಿಂದಕ್ಕೆ ವಾಲಿದ, ಕೊಕ್ಕೆಯ ಜೊತೆಗೇ ಕಂಬಿ ಕಿತ್ತು ಬಂತು, ತುಕ್ಕು ತಿಂದ ಕಂಬಿ, ಬದಲಾಯಿಸಿ ಸ್ವಾಮೀ ಅಂತ ಅವನೇ ಎಷ್ಟು ಸಲ ಕೇಳಿದ್ದ, ನೋಡೋಣ ಅಂದಿದ್ದರು, ಅಣ್ಣ ಬಿದ್ದ, ಗಾಜಿನಲ್ಲಿ ಮೇಲಕ್ಕೆ ಬಿದ್ದ, ಅಷ್ಟರಲ್ಲಿ ಬೆರಳಲ್ಲಿ ಒತ್ತಿ ಹಿಡಿದಿದ್ದ ನಳಿಕೆ ಜಾರಿ ಎಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು, ಆ ಬಿಳುಪಿನೊಳಗೆ ಅವನು ಇನ್ನೂ ಮೇಲಕ್ಕೇ ಹೋಗುತ್ತಿದ್ದಾನೆ, ನೆಲ ಸಿಕ್ಕಿಲ್ಲ.

ತನಿಖೆಯ ಸಾಹೇಬರೂ ಹಾಲನ್ನೇ ನೋಡಿದರು, ಏನೂ ಕಾಣಲ್ವಲ್ಲಮ್ಮ, ಇದರಲ್ಲಿ ನೀನು ಬೆಲ್ಟು ಹೇಗೆ ಕಂಡೆ, ಸರಿ ಮಾಡಿಸಿಡು, ಇನ್ನೊಂದೇ ಸಲ ಬರ್ತೀನಿ, ಆಗಲೂ ಕಾಣದಿದ್ರೆ ಕಾರ್ಖಾನೆಯವರು ಹೇಳಿದ್ದೇ ನಿಜ ಅನ್ನಬೇಕಾಗುತ್ತೆ — ಇವತ್ತು ಬರುತ್ತಾರೆ, ಈಗಲೋ ಆಗಲೋ ಬರುತ್ತಾರೆ, ಮಖಮಲ್ಲು ದಪ್ಪವಾದರೆ ನಳಿಕೆ ಹಿಡಿಯುತ್ತದೆ, ತೆಳುವಾದರೆ ಆಡುತ್ತದೆ, ರವಿಕೆಯ ತೋಳಿನ ಹಾಗೆಯೇ, ಅದನ್ನೇ ಹೇಳಿದ್ದೆನಲ್ಲೋ ಅಣ್ಣ, ಈ ಕಡೆಯ ಸ್ಕ್ರೂ ಸ್ವಲ್ಪ, ಆ ಕಡೆಯದು ಸ್ವಲ್ಪ, ನಳಿಕೆ ಸರಿಸುವ ತಿರುಪಿನ ಮೇಲೆ ಅವನ ಹೆಬ್ಬೆರಳಿನ ಬೆಳ್ಳಿ ಬಣ್ಣ ಅಂಟಿದೆ, ಅದನ್ನು ಒರೆಸಲ್ಲ. ಮುಂದಿನ ತುದಿ ಎತ್ತಿದಳು. ಜಾರಲಿಲ್ಲ. ಇಷ್ಟೇನಾ, ಒಂದು ಗೇಣು ಬಟ್ಟೆ, ಇಷ್ಟಕ್ಕೆ — ಕಣ್ಣಿಟ್ಟಳು, ತಿರುಪು ತಿರುಗಿಸಿದಳು, ಹಾಲು ಸರಿಯಿತು, ಚಿಮಣಿ, ಏಣಿ, ಕಂಬಿ ಕಂಬಿಯೂ ಬೇರೆ ಬೇರೆ, ತುಕ್ಕು, ತುಕ್ಕು, ತುಕ್ಕು, ಆಮೇಲೆ ಒಂದು ಫಳಫಳ ಹೊಳೆಯುವ ಹೊಸ ಕಂಬಿ, ಬೆಸುಗೆಯ ಕಪ್ಪು ಕಲೆ ಇನ್ನೂ ಹಸಿಹಸಿ, ಬಣ್ಣ ಬಳಿಯಲು ಯಾರೂ ಇನ್ನೂ ಹತ್ತಿಲ್ಲ, ಯಾರು ಹತ್ತುತ್ತಾರೆ. ಸರಿಹೋಯ್ತೇನಮ್ಮ ಅನ್ನುತ್ತಾ ಹಿಂದೆ ಬಂದು ನಿಂತಿದ್ದಾನೆ ಚಿಕ್ಕಪ್ಪ, ಅದೇ ಕಾರ್ಖಾನೆಯ ಗೇಟು ಕಾಯುವವನು, ಒಂದು ಕಂಬಿ ಹೊಸದಿದೆ ಚಿಕ್ಕಪ್ಪ, ಮೆಲ್ಲಗೆ ಮಾತಾಡು, ಯಾವಾಗ ಹಾಕಿದ್ರು, ಅವನು ನೆಲ ನೋಡುತ್ತಾನೆ, ಆವತ್ತು ಸಂಜೆಯೇ, ನಾನೇ ವೆಲ್ಡಿಂಗಿನವನಿಗೆ ಗೇಟು ತೆಗೆದೆ, ಏನು ಮಾಡಲಿ, ನನ್ನ ಹೊಟ್ಟೆಪಾಡು — ಆವತ್ತು ಸಂಜೆ ಅಣ್ಣನ ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು, ಅವನು ಮನೆಗೆ ಬರುವ ಮೊದಲೇ ಅವನ ಕಂಬಿ ಬಂದಿತ್ತು, ಬದುಕಿದ್ದಾಗ ಬರದ ಕಂಬಿ. ಬೀದಿಯಲ್ಲಿ ಜೀಪು ನಿಂತಿತು, ಬಂದ್ರು ನೋಡು, ಆ ಸ್ಕ್ರೂ ಅರ್ಧ ಸುತ್ತು ಸಡಿಲ ಬಿಡು, ಅಷ್ಟೇ ಸಾಕು, ಜಾರಲಿ ಅದು, ನೋಡಿಕೊಂಡು ಹೋಗ್ತಾರೆ, ಸತ್ತವನು ಎದ್ದು ಬರ್ತಾನೇನಮ್ಮ, ನನ್ನ ಮಕ್ಕಳ ಮುಖ ನೋಡು, ಕೈ ಮುಗೀತೀನಿ, ಅನ್ನುತ್ತಾನೆ, ಚಿಕ್ಕಂದಿನಲ್ಲಿ ಇಬ್ಬರನ್ನೂ ಹೆಗಲ ಮೇಲೆ ಹೊತ್ತ ಚಿಕ್ಕಪ್ಪ, ಮೆಟ್ಟಿಲ ಮೇಲೆ ಬೂಟಿನ ಸದ್ದು, ಗಾಜಿನಲ್ಲಿ ತುಕ್ಕು, ತುಕ್ಕು, ಹೊಸ ಕಂಬಿ, ಸಡಿಲ ಮಾಡು ಅಂದೆನಲ್ಲಮ್ಮ, ಹೊಸ ಕಂಬಿ, ಮಾಡಲ್ಲ ಚಿಕ್ಕಪ್ಪ, ನೀನೂ ಮುಟ್ಟಬೇಡ, ಹೊಸ ಕಂಬಿ